ಆರ್ಡರ್ ಬಟನ್ ಒತ್ತುವ ಮೊದಲು: ಫ್ಯೂಚರ್ಸ್, ಆಪ್ಷನ್ಸ್ ಪದಗಳನ್ನು ಬಿಡಿಸಿ ಓದುವುದು ಹೇಗೆ

ಬ್ರೋಕರ್ ಆ್ಯಪ್‌ನಲ್ಲಿ ಎಫ್ ಅಂಡ್ ಓ (ಫ್ಯೂಚರ್ಸ್ ಅಂಡ್ ಆಪ್ಷನ್ಸ್) ವಿಭಾಗ ತೆರೆದರೆ ಹೀಗೊಂದು ಸಾಲು ಕಾಣುತ್ತದೆ: ನಿಫ್ಟಿ 28 ಅಕ್ಟೋಬರ್ 25000 ಸಿಇ. ಪಕ್ಕದಲ್ಲಿ 120 ಅನ್ನುವ ಅಂಕಿ. ಕೆಳಗೆ ಬೈ, ಸೆಲ್ ಅಂತ ಎರಡು ಬಟನ್. ಇಷ್ಟೇ. ಈ ಸಾಲನ್ನು ಬಿಡಿಸಿ ಓದಲು ಬಾರದವರೂ ಆ ಬಟನ್ ಒತ್ತಬಹುದು, ಒತ್ತುತ್ತಲೂ ಇದ್ದಾರೆ. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ಲೆಕ್ಕದ ಪ್ರಕಾರ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಎಫ್ ಅಂಡ್ ಓ ವಹಿವಾಟು ಮಾಡಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಜನರಲ್ಲಿ 93% ಮಂದಿ ದುಡ್ಡು ಕಳೆದುಕೊಂಡಿದ್ದಾರೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಿಂತ ಜಾಸ್ತಿ. ಪದಗಳ ಅರ್ಥ ಗೊತ್ತಾದ ಮಾತ್ರಕ್ಕೆ ಲಾಭ ಬರುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಅರ್ಥ ಗೊತ್ತಿದ್ದರೆ ಯಾವುದಕ್ಕೆ ಕೈ ಹಾಕಬಾರದು ಅನ್ನುವುದಂತೂ ಗೊತ್ತಾಗುತ್ತದೆ.

ಇವನ್ನು ಕಲಿಯಲು ನಾನು ಎಲ್ಲರಿಗೂ ಹೇಳುವ ದಾರಿ ಒಂದೇ. ಯಾವ ಪದ ಎದುರಾದರೂ ಮೂರು ಪ್ರಶ್ನೆ ಕೇಳಿ. ಇದರಲ್ಲಿ ದುಡ್ಡು ಯಾರು ಯಾರಿಗೆ ಕೊಡಬೇಕು? ಎಷ್ಟು? ಯಾವಾಗ? ಈ ಮೂರಕ್ಕೆ ಉತ್ತರ ಸಿಕ್ಕರೆ ಆ ಪದ ನಿಮ್ಮದಾಯಿತು. ಸಿಗದಿದ್ದರೆ, ಎಷ್ಟು ಚಂದದ ವ್ಯಾಖ್ಯಾನ ಬಾಯಿಪಾಠ ಮಾಡಿದರೂ ಉಪಯೋಗವಿಲ್ಲ.

ಕಾಫಿಯಿಂದ ಶುರು ಮಾಡೋಣ

ಕೊಡಗಿನ ಒಬ್ಬ ರೋಬಸ್ಟಾ ಬೆಳೆಗಾರ ಅಕ್ಟೋಬರ್‌ನಲ್ಲೇ ಒಬ್ಬ ವ್ಯಾಪಾರಿ ಜೊತೆ ಮಾತಾಡಿಕೊಳ್ಳುತ್ತಾರೆ ಅಂತ ಇಟ್ಟುಕೊಳ್ಳಿ. ಫೆಬ್ರವರಿಯಲ್ಲಿ 50 ಕೆಜಿಯ 100 ಮೂಟೆ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಕೊಡುತ್ತೇನೆ, ಮೂಟೆಗೆ 10,000 ರೂಪಾಯಿ. ಇಬ್ಬರೂ ಒಪ್ಪಿದರು. ಇದು ಫಾರ್ವರ್ಡ್ ಕಾಂಟ್ರಾಕ್ಟ್. ಈ ಒಪ್ಪಂದಕ್ಕೆ ತನ್ನದೇ ಆದ ಬೆಲೆ ಇಲ್ಲ. ಕಾಫಿಯ ಬೆಲೆ ಏರಿದರೆ ಇಳಿದರೆ ಅದರ ಮೌಲ್ಯವೂ ಏರುತ್ತದೆ, ಇಳಿಯುತ್ತದೆ. ಹೀಗೆ ಇನ್ನೊಂದು ವಸ್ತುವಿನ ಬೆಲೆಗೆ ಕಟ್ಟಿಕೊಂಡಿರುವ ಒಪ್ಪಂದವೇ ಡೆರಿವೇಟಿವ್. ಇಲ್ಲಿ ಕಾಫಿ ಅದರ ಮೂಲ ಆಸ್ತಿ, ಮಾರುಕಟ್ಟೆಯವರು ಅಂಡರ್‌ಲೈಯಿಂಗ್ ಅನ್ನುವುದು ಇದಕ್ಕೇ. ಮೂಲ ಆಸ್ತಿ ಷೇರು ಆಗಬಹುದು, ನಿಫ್ಟಿಯಂಥ ಸೂಚ್ಯಂಕ, ಡಾಲರ್, ಚಿನ್ನ, ಕಚ್ಚಾತೈಲ, ಬಡ್ಡಿದರ, ಯಾವುದಾದರೂ ಆಗಬಹುದು.

ಫೆಬ್ರವರಿಯಲ್ಲಿ ದರ 12,000 ಆಯಿತು ಅನ್ನಿ. ಬೆಳೆಗಾರ 10,000ಕ್ಕೇ ಕೊಡಬೇಕು, ವ್ಯಾಪಾರಿಗೆ 2 ಲಕ್ಷ ಲಾಭ. ದರ 8,000ಕ್ಕೆ ಬಿದ್ದರೆ ವ್ಯಾಪಾರಿ 10,000 ಕೊಟ್ಟೇ ಕೊಳ್ಳಬೇಕು, ಬೆಳೆಗಾರ ಬಚಾವ್. ಇಬ್ಬರಿಗೂ ಹಕ್ಕೂ ಇದೆ, ಬಾಧ್ಯತೆಯೂ ಇದೆ. ತೊಂದರೆ ಎಲ್ಲಿ ಅಂದರೆ, ದರ ತುಂಬಾ ಏರಿದಾಗ ಕೊಡುವವರಿಗೆ ಮಾತು ತಪ್ಪುವ ಆಸೆ ಬರುತ್ತದೆ. 2023-24ರಲ್ಲಿ ರೋಬಸ್ಟಾ ದರ ಗಗನಕ್ಕೇರಿದಾಗ ವಿಯೆಟ್ನಾಂನಲ್ಲಿ ಅನೇಕ ಪೂರೈಕೆದಾರರು ಮೊದಲೇ ಒಪ್ಪಿಕೊಂಡಿದ್ದ ಕಾಫಿಯನ್ನು ಕೊಡಲೇ ಇಲ್ಲ. ಹಳೇ ದರಕ್ಕೆ ಕೊಡುವ ಬದಲು ಹೊಸ ದರಕ್ಕೆ ಬೇರೆಯವರಿಗೆ ಮಾರಿಕೊಂಡರು. ಎದುರಿನವರು ಕೈಕೊಡುವ ಈ ಅಪಾಯಕ್ಕೆ ಕೌಂಟರ್‌ಪಾರ್ಟಿ ರಿಸ್ಕ್ ಅನ್ನುತ್ತಾರೆ. ಫ್ಯೂಚರ್ಸ್ ಹುಟ್ಟಿದ್ದಕ್ಕೆ ದೊಡ್ಡ ಕಾರಣವೇ ಇದು.

ಅಂದಹಾಗೆ ಕೊಡಗು, ಚಿಕ್ಕಮಗಳೂರು, ಹಾಸನದ ಕಡೆ ಕಾಫಿ ಬೆಳೆಯುವವರ ಮನೆಯಲ್ಲಿ 'ಲಂಡನ್ ಟರ್ಮಿನಲ್ ಎಷ್ಟಾಯ್ತು' ಅನ್ನುವ ಮಾತು ಕೇಳಿರುತ್ತೀರಿ. ಅದು ರೋಬಸ್ಟಾ ಫ್ಯೂಚರ್ಸ್ ದರ. ಒಂದು ಲಾಟ್ ಅಂದರೆ 10 ಟನ್, ದರ ಟನ್ನಿಗೆ ಇಷ್ಟು ಡಾಲರ್ ಅಂತ. ಅರೇಬಿಕಾದ್ದು ನ್ಯೂಯಾರ್ಕ್‌ನಲ್ಲಿ ನಿಗದಿಯಾಗುತ್ತದೆ, ಲಾಟ್ 37,500 ಪೌಂಡ್. ಜೀವನದಲ್ಲಿ ಒಂದು ಫ್ಯೂಚರ್ಸ್ ಕೂಡ ಕೊಳ್ಳದ ಬೆಳೆಗಾರನ ಮೂಟೆಯ ಬೆಲೆಯೂ ಆ ದರದ ಹಿಂದೆ ಹೋಗುತ್ತದೆ. ಬೆಂಗಳೂರಿನ ಐಟಿ ಕಂಪನಿಗಳದ್ದೂ ಇಂಥದ್ದೇ ಕಥೆ: ಬರುವ ಆದಾಯ ಡಾಲರ್‌ನಲ್ಲಿ, ಸಂಬಳ ಕೊಡುವುದು ರೂಪಾಯಿಯಲ್ಲಿ. ಹಾಗಾಗಿ ಮುಂದೆ ಬರುವ ಡಾಲರ್‌ಗೆ ಈಗಲೇ ಬ್ಯಾಂಕ್ ಜೊತೆ ಫಾರ್ವರ್ಡ್ ಮಾಡಿಕೊಳ್ಳುತ್ತವೆ. ಅವುಗಳ ವಾರ್ಷಿಕ ವರದಿಯಲ್ಲಿ ಹೆಡ್ಜ್ ಅನ್ನುವ ಪದ ಕಂಡರೆ ಬಹುತೇಕ ಅದು ಇದೇ.

ಫ್ಯೂಚರ್ಸ್: ದಿನಾ ಸಂಜೆ ಲೆಕ್ಕ ಚುಕ್ತಾ

ಫಾರ್ವರ್ಡ್ ಒಪ್ಪಂದವನ್ನೇ ಒಂದು ಅಚ್ಚಿಗೆ ಹಾಕಿ ಎಕ್ಸ್‌ಚೇಂಜ್‌ಗೆ ತಂದರೆ ಅದು ಫ್ಯೂಚರ್ಸ್. ನಮ್ಮ ಪತ್ರಿಕೆಗಳಲ್ಲಿ ವಾಯಿದಾ ವಹಿವಾಟು ಅಂತ ಬರೆಯುವುದು ಇದನ್ನೇ. ಪ್ರಮಾಣ, ಗುಣಮಟ್ಟ, ಮುಗಿಯುವ ದಿನ ಎಲ್ಲವನ್ನೂ ಎಕ್ಸ್‌ಚೇಂಜ್ ಗೊತ್ತು ಮಾಡಿರುತ್ತದೆ, ನೀವು ಚೌಕಾಸಿ ಮಾಡುವುದು ಬೆಲೆಯ ಮೇಲೆ ಮಾತ್ರ. ಕೊಳ್ಳುವವರು ಮತ್ತು ಮಾರುವವರ ನಡುವೆ, ಇಬ್ಬರಿಗೂ ದುಡ್ಡು ಸಿಗುವ ಖಾತರಿ ಕೊಡುವ ಕ್ಲಿಯರಿಂಗ್ ಕಾರ್ಪೊರೇಷನ್ ನಿಂತಿರುತ್ತದೆ. ನಿಮ್ಮ ಎದುರಿನವರು ಯಾರು ಅಂತ ನಿಮಗೆ ಗೊತ್ತಿಲ್ಲ, ಗೊತ್ತಾಗಬೇಕಾಗೂ ಇಲ್ಲ. ಭಾರತದಲ್ಲಿ ಸೂಚ್ಯಂಕದ ಫ್ಯೂಚರ್ಸ್ 2000ದ ಜೂನ್‌ನಲ್ಲಿ ಶುರುವಾಯಿತು. ಮರುವರ್ಷ ಸೂಚ್ಯಂಕದ ಆಪ್ಷನ್ಸ್, ಷೇರುಗಳ ಆಪ್ಷನ್ಸ್ ಮತ್ತು ಫ್ಯೂಚರ್ಸ್ ಬಂದವು.

ಈಗ ಅಂಕಿ ಹಿಡಿದು ನೋಡೋಣ. ಲಾಟ್ ಅಂದರೆ ಒಂದು ಕಾಂಟ್ರಾಕ್ಟ್‌ನಲ್ಲಿ ಎಷ್ಟು ಯೂನಿಟ್ ಇದೆ ಅನ್ನುವುದು. 2025ರ ಅಕ್ಟೋಬರ್ ಕಾಂಟ್ರಾಕ್ಟ್‌ನಲ್ಲಿ ನಿಫ್ಟಿ ಲಾಟ್ 75 ಇತ್ತು. ಅದಕ್ಕೆ ಒಂದು ವರ್ಷ ಹಿಂದೆ 25. ಇದು ಆಗಾಗ ಬದಲಾಗುತ್ತದೆ, ಹಾಗಾಗಿ ಯಾವತ್ತೋ ನೋಡಿದ ವಿಡಿಯೋದ ಲೆಕ್ಕ ನಂಬಬೇಡಿ, ಎಕ್ಸ್‌ಚೇಂಜ್ ವೆಬ್‌ಸೈಟಿನ ಕಾಂಟ್ರಾಕ್ಟ್ ವಿವರವನ್ನೇ ನೋಡಿ. ಫ್ಯೂಚರ್ಸ್ ದರ 25,000 ಇದ್ದರೆ ಕಾಂಟ್ರಾಕ್ಟ್ ಮೌಲ್ಯ 25,000 ಗುಣಿಸು 75, ಅಂದರೆ 18.75 ಲಕ್ಷ ರೂಪಾಯಿ. ಈ ಅಂಕಿ ನಿಮ್ಮ ಸ್ಕ್ರೀನ್ ಮೇಲೆ ದೊಡ್ಡದಾಗಿ ಎಲ್ಲೂ ಕಾಣುವುದಿಲ್ಲ. ನನ್ನ ಪ್ರಕಾರ ಎಲ್ಲಕ್ಕಿಂತ ಮೊದಲು ಬರೆದುಕೊಳ್ಳಬೇಕಾದ ಅಂಕಿ ಇದೇ.

ಅಷ್ಟು ದುಡ್ಡು ನೀವು ಕಟ್ಟುವುದಿಲ್ಲ. ಅದರ ಒಂದು ಪಾಲನ್ನು ಠೇವಣಿಯಾಗಿ ಇಡುತ್ತೀರಿ. ಅದು ಮಾರ್ಜಿನ್. ಇದರಲ್ಲಿ ಎರಡು ಭಾಗ. ಸ್ಪ್ಯಾನ್ ಮಾರ್ಜಿನ್ ಅನ್ನುವುದು ಒಂದು ದಿನದಲ್ಲಿ ಕೆಟ್ಟದಾಗಿ ಎಷ್ಟು ನಷ್ಟ ಆಗಬಹುದು ಅನ್ನುವ ಲೆಕ್ಕದ ಮೇಲೆ, ಎಕ್ಸ್‌ಪೋಷರ್ ಮಾರ್ಜಿನ್ ಅದರ ಮೇಲೊಂದು ಹೆಚ್ಚುವರಿ ರಕ್ಷಣೆ. ಎರಡೂ ಸೇರಿ 2.25 ಲಕ್ಷ ಆಯಿತು ಅಂತಿಟ್ಟುಕೊಳ್ಳಿ. 2.25 ಲಕ್ಷ ಇಟ್ಟು 18.75 ಲಕ್ಷದ ವಹಿವಾಟು. ಇದೇ ಲೆವರೇಜ್. ನಿಫ್ಟಿ ಬರೀ 1% ಇಳಿದರೆ ನಿಮಗೆ 18,750 ರೂಪಾಯಿ ನಷ್ಟ, ಅಂದರೆ ಇಟ್ಟ ದುಡ್ಡಿನ 8%ಗಿಂತ ಜಾಸ್ತಿ. ಮಾರ್ಜಿನ್ ಅನ್ನುವುದು ಬೆಲೆಯೂ ಅಲ್ಲ, ನಷ್ಟದ ಮಿತಿಯೂ ಅಲ್ಲ. ಜನ ಹೆಚ್ಚಾಗಿ ಎಡವುವುದು ಇಲ್ಲೇ. 'ನನ್ನದು ಎರಡು ಲಕ್ಷದ ಪೊಸಿಷನ್' (ಪೊಸಿಷನ್ ಅಂದರೆ ಇನ್ನೂ ಮುಗಿಸದೆ ಇಟ್ಟುಕೊಂಡಿರುವ ವಹಿವಾಟು) ಅಂತ ಯಾರಾದರೂ ಹೇಳಿದರೆ, ಅವರ ಪೊಸಿಷನ್ ಹತ್ತೊಂಬತ್ತು ಲಕ್ಷದ ಹತ್ತಿರದ್ದು ಅಂತ ಅವರಿಗೆ ಹೇಳಿ.

ಕೊಂಡು ಇಟ್ಟುಕೊಂಡರೆ ಲಾಂಗ್, ದರ ಏರಿದರೆ ಲಾಭ. ಮೊದಲು ಮಾರಿ ಆಮೇಲೆ ಕೊಳ್ಳುವುದಾದರೆ ಶಾರ್ಟ್, ದರ ಇಳಿದರೆ ಲಾಭ. ಇದ್ದ ಪೊಸಿಷನ್‌ಗೆ ಉಲ್ಟಾ ವಹಿವಾಟು ಮಾಡಿ ಮುಗಿಸುವುದು ಸ್ಕ್ವೇರ್ ಆಫ್.

ಎಂಟಿಎಂ, ಅಂದರೆ ಮಾರ್ಕ್ ಟು ಮಾರ್ಕೆಟ್, ಸ್ವಲ್ಪ ನಿಧಾನವಾಗಿ ನೋಡಬೇಕಾದ ಪದ. ಫ್ಯೂಚರ್ಸ್‌ನಲ್ಲಿ ಲಾಭ ನಷ್ಟವನ್ನು ಕೊನೆಯ ದಿನದವರೆಗೆ ಕಾಯಿಸುವುದಿಲ್ಲ, ದಿನಾ ಸಂಜೆ ಆ ದಿನದ ಸೆಟಲ್‌ಮೆಂಟ್ ದರಕ್ಕೆ (ದಿನದ ಕೊನೆಗೆ ಎಕ್ಸ್‌ಚೇಂಜ್ ಗೊತ್ತು ಮಾಡುವ ದರ) ಲೆಕ್ಕ ಮಾಡಿ ಖಾತೆಯಿಂದ ಕಳೆಯುತ್ತಾರೆ ಅಥವಾ ಖಾತೆಗೆ ಸೇರಿಸುತ್ತಾರೆ. ನೀವು 25,000ಕ್ಕೆ ಲಾಂಗ್ ಹೋದಿರಿ. ಅಂದು ಸಂಜೆ ದರ 24,800. 200 ಪಾಯಿಂಟ್ ಗುಣಿಸು 75, ಖಾತೆಯಿಂದ 15,000 ಹೋಯಿತು. ಮರುದಿನ 24,950 ಆಯಿತು, 11,250 ವಾಪಸ್ ಬಂತು. ಮೂರನೇ ದಿನ 24,600. ಈಗ 350 ಪಾಯಿಂಟ್ ಇಳಿತ, 26,250 ಹೋಯಿತು. ಮೂರೂ ಸೇರಿಸಿದರೆ 30,000 ನಷ್ಟ, ಅದು 25,000ಕ್ಕೂ 24,600ಕ್ಕೂ ಇರುವ ಅಂತರವೇ. ಒಟ್ಟು ಲೆಕ್ಕದಲ್ಲಿ ವ್ಯತ್ಯಾಸ ಇಲ್ಲ, ಆದರೆ ದುಡ್ಡು ಮಾತ್ರ ಆಯಾ ದಿನವೇ ಹೋಗುತ್ತದೆ. ಖಾತೆಯಲ್ಲಿ ಮಾರ್ಜಿನ್‌ಗೆ ಸಾಲುವಷ್ಟು ಉಳಿಯದಿದ್ದರೆ ಬ್ರೋಕರ್ ದುಡ್ಡು ಹಾಕಿ ಅನ್ನುತ್ತಾರೆ, ಅದು ಮಾರ್ಜಿನ್ ಕಾಲ್. ಹಾಕದಿದ್ದರೆ ದಂಡ ಬೀಳುತ್ತದೆ, ಬ್ರೋಕರ್ ನಿಮ್ಮನ್ನು ಕೇಳದೆಯೇ ಪೊಸಿಷನ್ ಮುಗಿಸಬಹುದು. ತಿಂಗಳ ಕೊನೆಗೆ ನಿಮ್ಮ ಊಹೆ ಸರಿಯಾಗಿಯೇ ಇದ್ದರೂ, ಮೂರನೇ ದಿನವೇ ಆಟದಿಂದ ಹೊರಗೆ ಬಿದ್ದಿರುತ್ತೀರಿ.

ಇನ್ನು ಕೆಲವನ್ನು ಬೇಗ ಮುಗಿಸೋಣ. ಸ್ಪಾಟ್ ಅಂದರೆ ಮೂಲ ಆಸ್ತಿಯ ಈಗಿನ ದರ. ಫ್ಯೂಚರ್ಸ್ ದರಕ್ಕೂ ಸ್ಪಾಟ್‌ಗೂ ಇರುವ ಅಂತರ ಬೇಸಿಸ್. ಫ್ಯೂಚರ್ಸ್ ಮೇಲೆ ಇದ್ದರೆ ಕಾಂಟ್ಯಾಂಗೊ, ಕೆಳಗೆ ಇದ್ದರೆ ಬ್ಯಾಕ್‌ವರ್ಡೇಷನ್. ಫ್ಯೂಚರ್ಸ್ ಸ್ವಲ್ಪ ಮೇಲಿದೆ ಅಂದ ಮಾತ್ರಕ್ಕೆ ಮಾರುಕಟ್ಟೆ ಏರುತ್ತದೆ ಅಂತಲ್ಲ. ಷೇರು, ಸೂಚ್ಯಂಕದಲ್ಲಿ ಆ ಅಂತರ ಬಹುಪಾಲು ಬಡ್ಡಿಯ ಲೆಕ್ಕ, ಅದಕ್ಕೆ ಕಾಸ್ಟ್ ಆಫ್ ಕ್ಯಾರಿ ಅನ್ನುತ್ತಾರೆ. ಎಕ್ಸ್‌ಪೈರಿ, ಅಂದರೆ ಕಾಂಟ್ರಾಕ್ಟ್ ಮುಗಿಯುವ ದಿನ, ಹತ್ತಿರ ಬಂದಂತೆ ಅದು ಸೊನ್ನೆಯ ಕಡೆ ಬರುತ್ತದೆ. ಈ ತಿಂಗಳ ಕಾಂಟ್ರಾಕ್ಟ್ ಮುಗಿಸಿ ಮುಂದಿನ ತಿಂಗಳಿಗೆ ದಾಟುವುದು ರೋಲ್‌ಓವರ್.

ಓಪನ್ ಇಂಟರೆಸ್ಟ್ ಮತ್ತು ವಾಲ್ಯೂಮ್ (ಒಟ್ಟು ಎಷ್ಟು ಲಾಟ್ ವಹಿವಾಟಾಯಿತು ಅನ್ನುವ ಲೆಕ್ಕ) ಒಂದೇ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಎ ಅನ್ನುವವರು ಬಿ ಹತ್ತಿರ ಒಂದು ಲಾಟ್ ಕೊಂಡರು: ವಾಲ್ಯೂಮ್ 1, ಓಪನ್ ಇಂಟರೆಸ್ಟ್ 1. ಎ ಅದನ್ನು ಸಿ ಅನ್ನುವವರಿಗೆ ಮಾರಿದರು: ವಾಲ್ಯೂಮ್ 2, ಓಪನ್ ಇಂಟರೆಸ್ಟ್ 1ರಲ್ಲೇ ಉಳಿಯಿತು, ಯಾಕೆಂದರೆ ಒಪ್ಪಂದ ಅದೇ, ಕೈ ಮಾತ್ರ ಬದಲಾಯಿತು. ಸಿ ಅದನ್ನು ಬಿಗೇ ಮಾರಿದರು: ವಾಲ್ಯೂಮ್ 3, ಓಪನ್ ಇಂಟರೆಸ್ಟ್ ಸೊನ್ನೆ. ಇನ್ನೂ ಮುಗಿಯದೇ ಬಾಕಿ ಇರುವ ಒಪ್ಪಂದ ಎಷ್ಟು ಅನ್ನುವುದನ್ನಷ್ಟೇ ಅದು ಹೇಳುತ್ತದೆ. ಒಂದು ಷೇರಿನಲ್ಲಿ ಈ ಬಾಕಿ ಇಡೀ ಮಾರುಕಟ್ಟೆಗೆ ಹಾಕಿದ ಮಿತಿಯ 95% ದಾಟಿದರೆ ಆ ಷೇರು ಬ್ಯಾನ್ ಲಿಸ್ಟ್‌ಗೆ ಹೋಗುತ್ತದೆ. ಆಗ ಇದ್ದ ಪೊಸಿಷನ್ ಇಳಿಸಬಹುದು, ಹೆಚ್ಚಿಸುವ ಹಾಗಿಲ್ಲ.

ಸೆಟಲ್‌ಮೆಂಟ್ ದರ ಅನ್ನುವುದು ಬರೀ ಕಾಗದದ ಪದ ಅಂತ ಅನ್ನಿಸಬಹುದು. 2020ರ ಏಪ್ರಿಲ್ 20ನ್ನು ನೆನಪಿಸಿಕೊಳ್ಳಿ. ಕೊರೊನಾ ಲಾಕ್‌ಡೌನ್, ಎಣ್ಣೆ ಯಾರಿಗೂ ಬೇಡ, ಅಮೆರಿಕದಲ್ಲಿ ಇಡಲು ಟ್ಯಾಂಕ್‌ಗಳಲ್ಲಿ ಜಾಗವಿಲ್ಲ. ಅಲ್ಲಿನ ಮೇ ತಿಂಗಳ ಕಚ್ಚಾತೈಲ ಫ್ಯೂಚರ್ಸ್ ಬ್ಯಾರೆಲ್‌ಗೆ ಮೈನಸ್ 37.63 ಡಾಲರ್‌ಗೆ ಮುಗಿಯಿತು. ಅಂದರೆ ಮಾರುವವರೇ ದುಡ್ಡು ಕೊಟ್ಟು ಎಣ್ಣೆ ಸಾಗಹಾಕುವ ಸ್ಥಿತಿ. ನಮ್ಮ ಸರಕು ಎಕ್ಸ್‌ಚೇಂಜ್ ಎಂಸಿಎಕ್ಸ್‌ನ ಏಪ್ರಿಲ್ ಕಾಂಟ್ರಾಕ್ಟ್ ಸೆಟಲ್ ಆಗುವುದು ಅಲ್ಲಿನ ದರಕ್ಕೆ ಕಟ್ಟಿಕೊಂಡು. ಲಾಕ್‌ಡೌನ್ ಕಾರಣ ಆಗ ಇಲ್ಲಿ ವಹಿವಾಟು ಸಂಜೆ 5ಕ್ಕೇ ನಿಲ್ಲುತ್ತಿತ್ತು, ಅಮೆರಿಕದ ಕುಸಿತ ಆದದ್ದು ನಮ್ಮ ರಾತ್ರಿ. ಸಂಜೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿದ್ದ ಬ್ಯಾರೆಲ್ ಕೊನೆಗೆ ಮೈನಸ್ 2,884 ರೂಪಾಯಿಗೆ ಸೆಟಲ್ ಆಯಿತು. ಒಂದು ಲಾಟ್ 100 ಬ್ಯಾರೆಲ್. ಅಂದು ಸಂಜೆ ಲಾಂಗ್ ಆಗಿಯೇ ಉಳಿದವರಿಗೆ ಒಂದೊಂದು ಲಾಟ್‌ಗೆ ಮೂರೂವರೆ ಲಕ್ಷಕ್ಕೂ ಜಾಸ್ತಿ ಹೋಯಿತು, ಅದೂ ಮಾರಿ ಹೊರಗೆ ಬರಲು ಮಾರುಕಟ್ಟೆಯೇ ತೆರೆದಿರದ ಹೊತ್ತಿನಲ್ಲಿ. ಹಾಗಾಗಿ ಯಾವುದೇ ಕಾಂಟ್ರಾಕ್ಟ್ ಮುಟ್ಟುವ ಮೊದಲು ಅದರ ಅಂತಿಮ ದರವನ್ನು ಎಲ್ಲಿಂದ, ಎಷ್ಟು ಹೊತ್ತಿಗೆ ತೆಗೆದುಕೊಳ್ಳುತ್ತಾರೆ ಅಂತ ಓದಿಕೊಳ್ಳಿ.

ಆಪ್ಷನ್ಸ್: ಒಬ್ಬರಿಗೆ ಹಕ್ಕು, ಇನ್ನೊಬ್ಬರಿಗೆ ಬಾಧ್ಯತೆ

ಸೈಟ್ ಕೊಳ್ಳುವಾಗ ಟೋಕನ್ ಅಡ್ವಾನ್ಸ್ ಕೊಡುತ್ತೀರಿ ಅಲ್ವಾ? 40 ಲಕ್ಷಕ್ಕೆ ಮಾತಾಯಿತು, 50,000 ಕೊಟ್ಟಿರಿ. ಮನಸ್ಸು ಬದಲಾದರೆ ಆ 50,000 ಬಿಟ್ಟು ಎದ್ದು ಬರಬಹುದು. ಕಾಲ್ ಆಪ್ಷನ್ ಸುಮಾರಾಗಿ ಹೀಗೇ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ: ಟೋಕನ್ ಸೈಟಿನ ಬೆಲೆಯಲ್ಲಿ ವಜಾ ಆಗುತ್ತದೆ, ಆಪ್ಷನ್‌ಗೆ ಕೊಟ್ಟ ದುಡ್ಡು ಆಗುವುದಿಲ್ಲ. ಅದು ಹಕ್ಕಿನ ಬೆಲೆ, ಮಾರಿದವರ ಜೇಬಿಗೆ ಹೋಯಿತು ಅಂದರೆ ಹೋಯಿತು. ಅದರ ಹೆಸರು ಪ್ರೀಮಿಯಂ.

ನಿಗದಿಯಾದ ಬೆಲೆಗೆ ಕೊಳ್ಳುವ ಹಕ್ಕು ಕಾಲ್. ನಿಗದಿಯಾದ ಬೆಲೆಗೆ ಮಾರುವ ಹಕ್ಕು ಪುಟ್. ಆ ನಿಗದಿಯಾದ ಬೆಲೆ ಸ್ಟ್ರೈಕ್. ಹಕ್ಕು ಮುಗಿಯುವ ದಿನ ಎಕ್ಸ್‌ಪೈರಿ. ಪ್ರೀಮಿಯಂ ಪಡೆದು ಹಕ್ಕು ಬರೆದುಕೊಟ್ಟವರು ಆಪ್ಷನ್ ರೈಟರ್. ಮಾರುವವರು ಅನ್ನುವುದೂ ಇವರನ್ನೇ. ಸಿಇ ಅಂದರೆ ಕಾಲ್ ಯುರೋಪಿಯನ್, ಪಿಇ ಅಂದರೆ ಪುಟ್ ಯುರೋಪಿಯನ್. ಯುರೋಪಿಯನ್ ಬಗೆಯಲ್ಲಿ ಹಕ್ಕನ್ನು ಎಕ್ಸ್‌ಪೈರಿ ದಿನ ಮಾತ್ರ ಚಲಾಯಿಸಬಹುದು. ಅದಕ್ಕೂ ಮೊದಲು ಬೇಡ ಅನ್ನಿಸಿದರೆ ಆಪ್ಷನ್ನನ್ನೇ ಇನ್ನೊಬ್ಬರಿಗೆ ಮಾರಬೇಕು. ನಮ್ಮಲ್ಲಿ ಷೇರುಗಳ ಆಪ್ಷನ್ಸ್ 2011ರವರೆಗೆ ಅಮೆರಿಕನ್ ಬಗೆಯವು, ಯಾವಾಗ ಬೇಕಾದರೂ ಚಲಾಯಿಸಬಹುದಿತ್ತು. ಹಳೇ ಪುಸ್ತಕಗಳಲ್ಲಿ ಸಿಎ, ಪಿಎ ಅಂತ ಕಂಡರೆ ಗೊಂದಲ ಬೇಡ.

ಈಗ ನಮ್ಮ ಮೊದಲ ಸಾಲಿಗೆ ಬನ್ನಿ. ನಿಫ್ಟಿ ಸ್ಪಾಟ್ 24,950 ಇದೆ, 25000 ಸಿಇ ಪ್ರೀಮಿಯಂ 120. ಒಂದು ಲಾಟ್‌ಗೆ 120 ಗುಣಿಸು 75, ಅಂದರೆ 9,000 ರೂಪಾಯಿ. ಈಗಲೇ ಹಕ್ಕು ಚಲಾಯಿಸಿದರೆ ಏನಾದರೂ ಸಿಗುತ್ತದಾ? ಇಲ್ಲ. 24,950ಕ್ಕೆ ಸಿಗುವುದನ್ನು 25,000ಕ್ಕೆ ಯಾರು ಕೊಳ್ಳುತ್ತಾರೆ. ಇಂಥದ್ದು ಔಟ್ ಆಫ್ ದ ಮನಿ. ಸ್ಪಾಟ್ ಸ್ಟ್ರೈಕ್‌ಗಿಂತ ಮೇಲಿದ್ದರೆ ಕಾಲ್ ಇನ್ ದ ಮನಿ, ಹೆಚ್ಚುಕಮ್ಮಿ ಸಮ ಇದ್ದರೆ ಅಟ್ ದ ಮನಿ. ಪುಟ್‌ಗೆ ಇದೆಲ್ಲ ಉಲ್ಟಾ. ಈಗಲೇ ಚಲಾಯಿಸಿದರೆ ಸಿಗುವಷ್ಟು ಭಾಗ ಇಂಟ್ರಿನ್ಸಿಕ್ ವ್ಯಾಲ್ಯೂ, ಮಿಕ್ಕಿದ್ದು ಟೈಮ್ ವ್ಯಾಲ್ಯೂ. ನಮ್ಮ 120ರಲ್ಲಿ ಮೊದಲನೆಯದು ಸೊನ್ನೆ, ಇಡೀ 120 ಟೈಮ್ ವ್ಯಾಲ್ಯೂ. ನೀವು ಕೊಂಡಿದ್ದು ಬರೀ ಕಾಲಾವಕಾಶ.

ಎಕ್ಸ್‌ಪೈರಿ ದಿನ ನಿಫ್ಟಿ 25,080ಕ್ಕೆ ನಿಂತಿತು. ಮಾರುಕಟ್ಟೆ 130 ಪಾಯಿಂಟ್ ಏರಿದೆ, ನಿಮ್ಮ ಅಂದಾಜು ಸರಿಯಾಗಿದೆ. ಕೈಗೆ ಬಂದದ್ದು 80 ಗುಣಿಸು 75, 6,000 ರೂಪಾಯಿ. ಕೊಟ್ಟದ್ದು 9,000. ಅಂದಾಜು ಸರಿ, ಆದರೂ 3,000 ನಷ್ಟ. ಬ್ರೇಕ್ ಈವನ್ ಅನ್ನುವ ಪದ ಇದಕ್ಕಾಗಿಯೇ ಇದೆ. ಕಾಲ್‌ಗೆ ಸ್ಟ್ರೈಕ್ ಕೂಡಿಸು ಪ್ರೀಮಿಯಂ, ಇಲ್ಲಿ 25,120. ಪುಟ್‌ಗೆ ಸ್ಟ್ರೈಕ್ ಕಳೆ ಪ್ರೀಮಿಯಂ. ಆ ಗೆರೆ ದಾಟಿದ ಮೇಲಷ್ಟೇ ಲಾಭ, ಅದೂ ಖರ್ಚು ಕಳೆದು.

ಮಾರಿದವರ ಕಡೆಯಿಂದ ನೋಡಿ. ಅವರಿಗೆ ಸಿಗುವುದು ಹೆಚ್ಚೆಂದರೆ ಆ 9,000. ನಿಫ್ಟಿ 25,600ಕ್ಕೆ ಹೋದರೆ ಅವರು 600 ಗುಣಿಸು 75, ಅಂದರೆ 45,000 ಕೊಡಬೇಕು. ಕೈಯಿಂದ 36,000 ಹೋಯಿತು. ಕೊಂಡವರ ನಷ್ಟಕ್ಕೆ ಮಿತಿ ಇದೆ, ಕಾಲ್ ಮಾರಿದವರ ನಷ್ಟಕ್ಕೆ ಮಿತಿ ಇಲ್ಲ. ಅದಕ್ಕೇ ಕೊಳ್ಳುವವರು ಪ್ರೀಮಿಯಂ ಮಾತ್ರ ಕಟ್ಟುತ್ತಾರೆ, ಮಾರುವವರು ಫ್ಯೂಚರ್ಸ್‌ನಷ್ಟೇ ಮಾರ್ಜಿನ್ ಇಡಬೇಕಾಗುತ್ತದೆ. 'ಆಪ್ಷನ್ ಮಾರಿದರೆ ತಿಂಗಳಾ ಬಾಡಿಗೆ ಬಂದ ಹಾಗೆ ಬರುತ್ತದೆ' ಅಂತ ಹೇಳುವವರ ಮಾತಿಗೆ ದಯವಿಟ್ಟು ಕಿವಿ ಕೊಡಬೇಡಿ. 2024ರ ಜೂನ್ 4, ಲೋಕಸಭೆ ಫಲಿತಾಂಶದ ದಿನ, ನಿಫ್ಟಿ ಒಂದೇ ದಿನದಲ್ಲಿ ಸುಮಾರು 6% ಬಿತ್ತು. ರಕ್ಷಣೆ ಇಲ್ಲದೆ ಪುಟ್ ಮಾರಿ ಕೂತವರಿಗೆ ಅಂಥ ಒಂದು ದಿನ ಸಾಕು, ತಿಂಗಳುಗಟ್ಟಲೆ ಸೇರಿಸಿದ್ದು ಹೋಗಲು.

ಷೇರುಗಳ ಆಪ್ಷನ್ಸ್‌ನಲ್ಲಿ ಇನ್ನೊಂದು ದೊಡ್ಡ ವಿಷಯ ಇದೆ, ಫಿಸಿಕಲ್ ಸೆಟಲ್‌ಮೆಂಟ್. ಸೂಚ್ಯಂಕದ್ದು ನಗದಿನಲ್ಲಿ ಮುಗಿಯುತ್ತದೆ, ವ್ಯತ್ಯಾಸದ ದುಡ್ಡು ಅಷ್ಟೇ. ಆದರೆ 2018ರಿಂದ ಹಂತಹಂತವಾಗಿ ಶುರುವಾಗಿ 2019ರ ಅಕ್ಟೋಬರ್ ಹೊತ್ತಿಗೆ ಎಲ್ಲ ಷೇರುಗಳ ಡೆರಿವೇಟಿವ್ಸ್‌ಗೂ ನಿಜವಾದ ಷೇರಿನ ಕೊಡುಕೊಳ್ಳುವಿಕೆ ಕಡ್ಡಾಯವಾಯಿತು. 500 ಷೇರುಗಳ ಲಾಟ್, 1,500ರ ಸ್ಟ್ರೈಕ್ ಇರುವ ಕಾಲನ್ನು ನೀವು 10 ರೂಪಾಯಿ ಪ್ರೀಮಿಯಂಗೆ, ಅಂದರೆ 5,000ಕ್ಕೆ ಕೊಂಡಿದ್ದೀರಿ ಅನ್ನಿ. ಕೊನೆಯ ದಿನ ಷೇರು 1,504ಕ್ಕೆ ನಿಂತಿತು. ಇನ್ ದ ಮನಿ ಆಯಿತು, ಹಕ್ಕು ತಾನಾಗಿಯೇ ಚಲಾವಣೆ ಆಯಿತು, ಈಗ 7.5 ಲಕ್ಷ ಕೊಟ್ಟು 500 ಷೇರು ತೆಗೆದುಕೊಳ್ಳಬೇಕು. ಪುಟ್ ಇನ್ ದ ಮನಿ ಆದರೆ 500 ಷೇರು ನಿಮ್ಮ ಡಿಮ್ಯಾಟ್‌ನಲ್ಲಿ ಇರಬೇಕು. ಇಲ್ಲದಿದ್ದರೆ ಹರಾಜಿನಲ್ಲಿ ಕೊಂಡು ಕೊಡುತ್ತಾರೆ, ಆ ನಷ್ಟ ನಿಮ್ಮದು. ಕೊನೆಯ ಕೆಲವು ದಿನ ಇಂಥ ಪೊಸಿಷನ್‌ಗೆ ಡೆಲಿವರಿ ಮಾರ್ಜಿನ್ ಅಂತ ದಿನದಿನಕ್ಕೆ ಜಾಸ್ತಿ ಕೇಳುತ್ತಾರೆ. ಷೇರು ಬೇಡದಿದ್ದರೆ ಎಕ್ಸ್‌ಪೈರಿಗೆ ಮೊದಲೇ ಮುಗಿಸಿಬಿಡಿ.

ಎಕ್ಸ್‌ಪೈರಿ ವಾರಗಳ ಬಗ್ಗೆಯೂ ಹಳೇ ಮಾಹಿತಿ ತುಂಬಾ ಓಡಾಡುತ್ತಿದೆ. 2024ರ ನವೆಂಬರ್‌ನಿಂದ ಒಂದು ಎಕ್ಸ್‌ಚೇಂಜ್‌ಗೆ ಒಂದೇ ಸೂಚ್ಯಂಕದ ವಾರದ ಎಕ್ಸ್‌ಪೈರಿ. ಎನ್‌ಎಸ್‌ಇಯಲ್ಲಿ ನಿಫ್ಟಿ, ಬಿಎಸ್‌ಇಯಲ್ಲಿ ಸೆನ್ಸೆಕ್ಸ್. ಬ್ಯಾಂಕ್ ನಿಫ್ಟಿಗೆ ವಾರದ್ದು ಈಗಿಲ್ಲ, ತಿಂಗಳದ್ದು ಮಾತ್ರ. 2025ರ ಸೆಪ್ಟೆಂಬರ್‌ನಿಂದ ಎನ್‌ಎಸ್‌ಇಯದ್ದು ಮಂಗಳವಾರ, ಬಿಎಸ್‌ಇಯದ್ದು ಗುರುವಾರ. ರಜೆ ಬಿದ್ದರೆ ಹಿಂದಿನ ವಹಿವಾಟು ದಿನ. ಆಪ್ಷನ್ ಮಾರಿದವರಿಗೆ ಎಕ್ಸ್‌ಪೈರಿ ದಿನ ಸೂಚ್ಯಂಕದಲ್ಲಿ 2% ಹೆಚ್ಚುವರಿ ಮಾರ್ಜಿನ್ ಕೂಡ ಸೆಬಿ ಹಾಕಿದೆ.

ಡೆಲ್ಟಾ, ಥೀಟಾ, ಐವಿ

ಗ್ರೀಕ್ಸ್ ಅಂದ ಕೂಡಲೇ ಗಾಬರಿ ಬೇಡ. ಪ್ರೀಮಿಯಂ ಯಾವುದರಿಂದ ಎಷ್ಟು ಬದಲಾಗುತ್ತದೆ ಅನ್ನುವ ಅಳತೆಗಳು ಅಷ್ಟೇ. ಡೆಲ್ಟಾ 0.45 ಅಂದರೆ ನಿಫ್ಟಿ 100 ಪಾಯಿಂಟ್ ಏರಿದರೆ ಪ್ರೀಮಿಯಂ ಸುಮಾರು 45 ಏರುತ್ತದೆ. ಏರುತ್ತಾ ಹೋದಂತೆ ಡೆಲ್ಟಾ ಕೂಡ ಬದಲಾಗುತ್ತದೆ, ಆ ವೇಗ ಗಾಮಾ. ಎಕ್ಸ್‌ಪೈರಿ ದಿನ ಅಟ್ ದ ಮನಿ ಆಪ್ಷನ್‌ನಲ್ಲಿ ಗಾಮಾ ತುಂಬಾ ಜಾಸ್ತಿ. ಐದು ರೂಪಾಯಿಯದ್ದು ಐವತ್ತು ಆಗುವುದೂ, ಐವತ್ತರದ್ದು ಸೊನ್ನೆ ಆಗುವುದೂ ಆ ದಿನವೇ ಯಾಕೆ ಅನ್ನುವುದಕ್ಕೆ ಉತ್ತರ ಅದು.

ಥೀಟಾ ಮೈನಸ್ 12 ಅಂದರೆ, ಮಿಕ್ಕೆಲ್ಲ ಹಾಗೇ ಇದ್ದರೂ ಒಂದು ದಿನ ಕಳೆದರೆ ಪ್ರೀಮಿಯಂನಲ್ಲಿ 12 ರೂಪಾಯಿ ಕರಗುತ್ತದೆ. 75ರ ಲಾಟ್‌ಗೆ ದಿನಕ್ಕೆ 900. ಇದು ಕೊಂಡವರಿಂದ ಮಾರಿದವರಿಗೆ ಹೋಗುವ ದುಡ್ಡು. ಸುಮ್ನೆ ಕಾಯುವುದಕ್ಕೂ ಇಲ್ಲಿ ಬೆಲೆ ಇದೆ, ಎಕ್ಸ್‌ಪೈರಿ ಹತ್ತಿರ ಬಂದಷ್ಟೂ ಆ ಬೆಲೆ ಏರುತ್ತದೆ.

ಐವಿ, ಅಂದರೆ ಇಂಪ್ಲೈಡ್ ವೊಲಾಟಿಲಿಟಿ, ಮುಂದೆ ಎಷ್ಟು ಏರಿಳಿತ ಆಗಬಹುದು ಅಂತ ಮಾರುಕಟ್ಟೆ ಪ್ರೀಮಿಯಂನಲ್ಲೇ ಸೇರಿಸಿದ ಅಂದಾಜು. ಐವಿ ಬದಲಾದರೆ ಪ್ರೀಮಿಯಂ ಎಷ್ಟು ಬದಲಾಗುತ್ತದೆ ಅನ್ನುವುದು ವೆಗಾ. ನಿಫ್ಟಿ ಆಪ್ಷನ್ಸ್‌ನಿಂದ ಲೆಕ್ಕ ಹಾಕಿದ ಇಂಡಿಯಾ ವಿಐಎಕ್ಸ್ ಅನ್ನುವ ಏರಿಳಿತದ ಸೂಚ್ಯಂಕ 2020ರ ಮಾರ್ಚ್‌ನಲ್ಲಿ 80 ದಾಟಿತ್ತು. ಬಜೆಟ್, ಚುನಾವಣೆ, ಕಂಪನಿ ಫಲಿತಾಂಶದ ಮುನ್ನ ಐವಿ ಏರಿ ಪ್ರೀಮಿಯಂ ಉಬ್ಬಿರುತ್ತದೆ, ವಿಷಯ ಹೊರಬಿದ್ದ ಕೂಡಲೇ ಇಳಿಯುತ್ತದೆ. 2024ರ ಜೂನ್ 5ರಂದು ನಿಫ್ಟಿ 3%ಗಿಂತ ಜಾಸ್ತಿ ಏರಿತು, ವಿಐಎಕ್ಸ್ ಮಾತ್ರ ಸರ್ರನೆ ಇಳಿಯಿತು. ದಿಕ್ಕು ಸರಿಯಾಗಿ ಹೇಳಿದರೂ ಪ್ರೀಮಿಯಂ ಅಂದುಕೊಂಡಷ್ಟು ಏರುವುದಿಲ್ಲ ಅನ್ನುವ ದೂರಿಗೆ ಬಹಳ ಸಲ ಕಾರಣ ಇದು.

ಯಾತಕ್ಕಾಗಿ ಮಾಡುತ್ತಿದ್ದೀರಿ

ಇರುವ ಅಪಾಯವನ್ನು ಕಮ್ಮಿ ಮಾಡಲು ಮಾಡಿದರೆ ಹೆಡ್ಜಿಂಗ್, ಹೊಸ ಅಪಾಯವನ್ನು ಮೈಮೇಲೆ ಹಾಕಿಕೊಂಡು ಲಾಭ ನೋಡಿದರೆ ಸ್ಪೆಕ್ಯುಲೇಷನ್, ಎರಡು ಕಡೆಯ ದರದ ವ್ಯತ್ಯಾಸ ಹಿಡಿದರೆ ಆರ್ಬಿಟ್ರೇಜ್. ನನಗೆ ಡೆರಿವೇಟಿವ್ಸ್ ಬಗ್ಗೆ ಗೌರವ ಇರುವುದು ಮೊದಲನೆಯದರಿಂದ. ನಿಮ್ಮ ಹತ್ತಿರ 20 ಲಕ್ಷದ ಷೇರುಗಳಿವೆ, ಅವು ಹೆಚ್ಚುಕಮ್ಮಿ ನಿಫ್ಟಿ ಹಾಗೆಯೇ ಓಡುತ್ತವೆ, ಮುಂದಿನ ತಿಂಗಳ ಬಗ್ಗೆ ಭಯ ಇದೆ. 24500 ಪಿಇ ಒಂದು ಲಾಟ್ 90ಕ್ಕೆ ಕೊಂಡರೆ 6,750 ಖರ್ಚು. ನಿಫ್ಟಿ 24,950ರಿಂದ 23,500ಕ್ಕೆ ಬಿದ್ದರೆ ಷೇರುಗಳಲ್ಲಿ ಸುಮಾರು 1.16 ಲಕ್ಷ ಹೋಗುತ್ತದೆ, ಪುಟ್‌ನಿಂದ 1,000 ಗುಣಿಸು 75, ಅಂದರೆ 75,000 ಬರುತ್ತದೆ. ನಿಫ್ಟಿ ಬೀಳದಿದ್ದರೆ 6,750 ಹೋಯಿತು, ಷೇರುಗಳು ಉಳಿದವು. ಇದರಲ್ಲಿ ಯಾರು ಯಾರಿಗೆ ಎಷ್ಟು ಯಾವಾಗ ಕೊಡುತ್ತಾರೆ ಅನ್ನುವುದು ಮೊದಲ ದಿನವೇ ಪೂರ್ತಿ ಗೊತ್ತಿದೆ.

ಸ್ವಾಪ್ ಅನ್ನುವ ಪದವೂ ಕೇಳಿರುತ್ತೀರಿ. ಒಬ್ಬರು ಸ್ಥಿರ ಬಡ್ಡಿ ಕೊಡುತ್ತಾರೆ, ಇನ್ನೊಬ್ಬರು ಏರಿಳಿಯುವ ಬಡ್ಡಿ ಕೊಡುತ್ತಾರೆ, ವ್ಯತ್ಯಾಸ ಮಾತ್ರ ಕೈ ಬದಲಾಗುತ್ತದೆ. ಅದು ಬ್ಯಾಂಕು, ದೊಡ್ಡ ಕಂಪನಿಗಳ ವಹಿವಾಟು, ನಿಮ್ಮ ಆ್ಯಪ್‌ನಲ್ಲಿ ಬರುವುದಿಲ್ಲ.

ಕಾಗದದ ಮೇಲೆ ಬರೆದುಕೊಳ್ಳಿ

ಆರ್ಡರ್ ಹಾಕುವ ಮೊದಲು ಒಂದು ಚೀಟಿಯಲ್ಲಿ ಇಷ್ಟನ್ನು ಬರೆಯಿರಿ: ಮೂಲ ಆಸ್ತಿ ಯಾವುದು, ಲಾಟ್ ಎಷ್ಟು, ಸ್ಟ್ರೈಕ್ ಗುಣಿಸು ಲಾಟ್ ಎಷ್ಟಾಯಿತು, ಈಗ ಕೈಯಿಂದ ಹೋಗುವುದೆಷ್ಟು, ಅದು ಪ್ರೀಮಿಯಮ್ಮೋ ಮಾರ್ಜಿನ್ನೋ, ಬ್ರೇಕ್ ಈವನ್ ಎಲ್ಲಿ, ಎಕ್ಸ್‌ಪೈರಿ ಯಾವತ್ತು, ಮುಗಿಯುವುದು ನಗದಿನಲ್ಲೋ ಷೇರಿನಲ್ಲೋ, ಮತ್ತು ಹೆಚ್ಚೆಂದರೆ ಎಷ್ಟು ನಷ್ಟ. ಕೊನೆಯ ಪ್ರಶ್ನೆಗೆ 'ಗೊತ್ತಿಲ್ಲ' ಅಂತ ಬರೆಯಬೇಕಾಗಿ ಬಂದರೆ ಆ ಆರ್ಡರ್ ಹಾಕಬೇಡಿ.

ಖರ್ಚನ್ನೂ ಸೇರಿಸಿ. ಬ್ರೋಕರೇಜ್, ಎಕ್ಸ್‌ಚೇಂಜ್ ಶುಲ್ಕ, ಜಿಎಸ್‌ಟಿ, ಸ್ಟ್ಯಾಂಪ್ ಡ್ಯೂಟಿ, ಎಸ್‌ಟಿಟಿ (ಷೇರು ವಹಿವಾಟಿನ ಮೇಲಿನ ತೆರಿಗೆ). 2024ರ ಅಕ್ಟೋಬರ್‌ನಲ್ಲಿ ಎಸ್‌ಟಿಟಿ ಏರಿಸಿ ಫ್ಯೂಚರ್ಸ್ ಮಾರಿದಾಗ ಮೌಲ್ಯದ 0.02%, ಆಪ್ಷನ್ ಮಾರಿದಾಗ ಪ್ರೀಮಿಯಂನ 0.1% ಮಾಡಿದರು. ಬಜೆಟ್‌ಗಳಲ್ಲಿ ಇದು ಬದಲಾಗುತ್ತಿರುತ್ತದೆ, ನೀವು ವಹಿವಾಟು ಮಾಡುವ ದಿನದ ದರ ನೋಡಿಕೊಳ್ಳಿ. ತೆರಿಗೆಯಲ್ಲಿ ಎಫ್ ಅಂಡ್ ಓ ಲಾಭ ನಷ್ಟ ಬಂಡವಾಳ ಗಳಿಕೆ ಅಲ್ಲ, ವ್ಯಾಪಾರದ ಆದಾಯ. ಸಂಬಳದವರಾದರೂ ಆದಾಯ ತೆರಿಗೆ ರಿಟರ್ನ್‌ನ ಐಟಿಆರ್-1 ಫಾರಂ ಸಾಲದು, ಐಟಿಆರ್-3 ಬೇಕಾಗುತ್ತದೆ. ನಷ್ಟ ಆಗಿದ್ದರೂ ಗಡುವಿನೊಳಗೆ ರಿಟರ್ನ್ ಹಾಕಿ, ಹಾಗಿದ್ದರೆ ಮಾತ್ರ ಆ ನಷ್ಟವನ್ನು ಮುಂದಿನ 8 ವರ್ಷದವರೆಗೆ ವ್ಯಾಪಾರದ ಲಾಭದಲ್ಲಿ ಕಳೆದುಕೊಳ್ಳಬಹುದು.

ವಹಿವಾಟು ಮಾಡಿದ ದಿನ ಬ್ರೋಕರ್ ಮೇಲ್‌ನಲ್ಲಿ ಕಾಂಟ್ರಾಕ್ಟ್ ನೋಟ್ ಕಳಿಸುತ್ತಾರೆ. ತುಂಬಾ ಜನ ಅದನ್ನು ತೆರೆಯುವುದೇ ಇಲ್ಲ. ತೆರೆಯಿರಿ, ನಿಮ್ಮ ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು ಲಾಟ್, ದರ, ಖರ್ಚು, ಎಂಟಿಎಂ ಎಲ್ಲ ತಾಳೆ ಹಾಕಿ. ತಾಳೆ ಆಗದಿದ್ದರೆ ಅವತ್ತೇ ಬ್ರೋಕರ್‌ಗೆ ಬರೆದು ಕೇಳಿ, ಅಲ್ಲಿ ಸರಿಯಾದ ಉತ್ತರ ಸಿಗದಿದ್ದರೆ ಸೆಬಿಯ ಸ್ಕೋರ್ಸ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು.